ಓಗೊಡದ ಹೊತ್ತು

ಕಂಪನಿಯ ಮೇಡಂ ಫೋನಿನಲ್ಲಿ ಹೇಳಿದ್ದು ಅವನಿಗೂ ಕೇಳಿಸಿತು. ಕೇಳಿಸಿಕೊಳ್ಳಬಾರದೆಂದೇ ಅವನು ಕಿಟಕಿಯಾಚೆ ಮುಖ ಮಾಡಿ ಕೂತಿದ್ದ. ಆದರೆ ವ್ಯಾನು ಸಿಗ್ನಲ್ಲಿನಲ್ಲಿ ನಿಂತಿತ್ತು, ಓಡಿಸುತ್ತಿದ್ದ ಮೀಸೆಯಣ್ಣನಿಗೆ ಫೋನನ್ನು ಸ್ಪೀಕರಿಗೆ ಹಾಕಿ ತೊಡೆಯ ಮೇಲಿಟ್ಟುಕೊಂಡು ಮಾತಾಡುವ ಅಭ್ಯಾಸ. "ಆ ಹಳೇ ಲಿಫ್ಟಿನ ಬಾಗಿಲುಗಳ ಲಾಕು ಇವತ್ತು ನೀವೇ ನೋಡಿಬಿಡಿ. ಹೊಸಬರ ಕಣ್ಣಿಗೆ ಅದು ಬೀಳೋದಿಲ್ಲ. ಪೆಟ್ಟಿಗೆ ಮೇಲೆ ನೀವು ಹತ್ತಿ, ಮೆಷಿನ್ ರೂಮಲ್ಲಿ ಅವರಿರ್ಲಿ." ಮೀಸೆಯಣ್ಣ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ. "ಹ್ಞೂಂ" ಎಂದು ಫೋನು ಆರಿಸಿದ. ಹಸಿರು ದೀಪ ಬಂದರೂ ವ್ಯಾನು ಹೊರಡಲಿಲ್ಲ; ಹಿಂದಿನವರು ಹಾರ್ನು ಬಾರಿಸಿದ ಮೇಲೆ ಗೇರು ಬಿತ್ತು. ಅವನಿಗೆ ಮೊದಲು ಆದದ್ದು ಸಂತೋಷ. ಅದು ಎಂಥ ಸಂತೋಷವೆಂದು ಹೊಳೆದ ಮೇಲೆ ಆದದ್ದು ನಾಚಿಕೆ. ಇವತ್ತು ಇವನು ನನ್ನ ಕೈಯಲ್ಲಿ, ಎಂದು ಮನಸ್ಸು ಅಷ್ಟು ಬೇಗ ಅಂದುಕೊಂಡುಬಿಟ್ಟಿತ್ತು. ಒಳಗೆ ಯಾರೋ ಆ ಮಾತನ್ನು ಎಂದೋ ಸಿದ್ಧಮಾಡಿಟ್ಟುಕೊಂಡು ಹೊಸ್ತಿಲಲ್ಲಿ ಕಾಯುತ್ತ ನಿಂತಿದ್ದ ಹಾಗೆ.

ಲಿಫ್ಟು ರಿಪೇರಿಯ ಈ ಕೆಲಸಕ್ಕೆ ಸೇರಿದಾಗಿನಿಂದ ಜನ ನಿಲ್ಲುವ ಪೆಟ್ಟಿಗೆಯ ತಲೆಯ ಮೇಲೆ ಹತ್ತಿ ನಿಲ್ಲುತ್ತಿದ್ದವನು ಅವನೇ. ಹಳೆಯ ಲಿಫ್ಟುಗಳಲ್ಲಿ ಹಾಗೆ ನಿಂತವನ ಕೈಯಲ್ಲಿ ಏನೂ ಇರುವುದಿಲ್ಲ. ಸುತ್ತ ಗೋಡೆ, ಕಾಲಡಿ ಧೂಳು ಹಿಡಿದ ತಗಡು, ಮುಖದ ಮುಂದೆ ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳು. ಲಿಫ್ಟು ಓಡಾಡುವ ಆ ಉದ್ದನೆಯ ಕತ್ತಲೆಗೆ ಕೆಲಸದವರು ಬಾವಿ ಎನ್ನುತ್ತಿದ್ದರು. ಅದರೊಳಗೆ ಫೋನು ಸಿಗುವುದಿಲ್ಲ. ಏರಿಸುವವನು, ಇಳಿಸುವವನು ಎಲ್ಲಕ್ಕಿಂತ ಮೇಲೆ, ತಾರಸಿಯ ಮೆಷಿನ್ ರೂಮಿನಲ್ಲಿ ಇರುತ್ತಾನೆ. ನೆಲದಲ್ಲಿ ಹಗ್ಗ ಇಳಿಯುವ ತೂತುಗಳ ಮೂಲಕ ಒಬ್ಬರಿಗೊಬ್ಬರು ಕೂಗಬೇಕು. ಒಬ್ಬ ಕೂಗಿದರೆ ಇನ್ನೊಬ್ಬ ಓ ಎನ್ನಬೇಕು, ಓ ಎಂದ ಮೇಲೆಯೇ ಪೆಟ್ಟಿಗೆ ಅಲುಗಬೇಕು. ಕೆಲಸಕ್ಕೆ ಸೇರಿದ ದಿನ ಮೇಡಂ ಹೇಳಿಕೊಟ್ಟ ಮೊದಲ ಪಾಠ ಅದು. ಎಷ್ಟೋ ದಿನ ಅವನಿಗೂ ಮೀಸೆಯಣ್ಣನಿಗೂ ನಡುವೆ ಅಷ್ಟೇ ಮಾತು. "ಬಿಡ್ಲಾ?" "ಓ, ಬಿಡಿ." ಆ ಬಿಡ್ಲಾ ಎಂಬುದರಲ್ಲಿ ಏನಿದೆ ಎಂದು ಅವನು ಕತ್ತಲೆಯಲ್ಲಿ ಕಿವಿಯಿಟ್ಟು ಕೇಳುತ್ತಿದ್ದ. ಬೇಸರವೋ, ಹೇಸಿಗೆಯೋ, ಇನ್ನೂ ಕೆಟ್ಟದ್ದೋ. ಅದರಲ್ಲಿ ಏನೂ ಸಿಗುತ್ತಿರಲಿಲ್ಲ. ಒಣಗಿದ ಬ್ರೆಡ್ಡಿನ ಹಾಗೆ ಒಂದೇ ರುಚಿ.

ಎಲ್ಲರೂ ಮೀಸೆಯಣ್ಣ ಎನ್ನುತ್ತಿದ್ದರು. ಮೀಸೆ ಇರಲಿಲ್ಲ, ಯಾವ ಕಾಲದಲ್ಲೋ ಬೋಳಿಸಿದ್ದ, ಹೆಸರು ಮಾತ್ರ ತುಟಿಯ ಮೇಲೆ ಉಳಿದುಕೊಂಡಿತ್ತು. ಹಾಗೆ ಕರೆಯಲು ಅವನಿಗೆ ಮಾತ್ರ ಬಾಯಿ ಬರುತ್ತಿರಲಿಲ್ಲ. ಅಣ್ಣ ಎಂದರೆ ಹಲ್ಲುಗಿಂಜಿದ ಹಾಗಾಗುತ್ತದೆ, ಸಾರ್ ಎಂದರೆ ಸೋತ ಹಾಗೆ. ಏನೂ ಕರೆಯದೆ, ಕೆಮ್ಮಿ, ಎದುರು ಬಂದು ನಿಂತು, ಕಣ್ಣಿಗೆ ಬಿದ್ದ ಮೇಲೆ ಮಾತು ಶುರುಮಾಡುವುದನ್ನು ರೂಢಿ ಮಾಡಿಕೊಂಡಿದ್ದ. ಮನೆಯಲ್ಲಿ ಹೆಂಡತಿ ನಕ್ಕಿದ್ದಳು. "ಮದುವೆಯಾದ ಹೊಸದ್ರಲ್ಲಿ ನಾನು ನಿಮ್ಮನ್ನ ಹಿಂಗೇ ಕರೀತಿದ್ದೆ."

ಅವನಿಗೆ ಮೀಸೆಯಣ್ಣ ಇಟ್ಟ ಹೆಸರು ಭಾಷಣ. ಮೊದಲ ದಿನ ಊಟದ ಹೊತ್ತಿನಲ್ಲಿ ಎದುರು ಬೆಂಚಿನಲ್ಲಿ ಕೂತು ಫೋನಿನಲ್ಲಿ ಏನನ್ನೋ ಜೋರಾಗಿ ಹಾಕಿದ್ದ. ಶಿಳ್ಳೆ, ಗಲಾಟೆ, ಆಮೇಲೆ ಅವನದೇ ದನಿ. ಬಟ್ಟೆ ಮಿಲ್ಲಿನ ಮುಚ್ಚಿದ ಗೇಟಿನ ಎದುರು, ಬಣ್ಣದ ಡ್ರಮ್ಮಿನ ಮೇಲೆ ನಿಂತ ಅವನು, ಎತ್ತಿದ ಕೈ, ಬೆವರಿಗೆ ಮೈಗಂಟಿದ ಅಂಗಿ. "ಇದನ್ನ ಮುಚ್ಚಿದವರಿಗೆ ವೋಟು ಹಾಕಿದ್ರಲ್ಲ, ಅವರ ಮನೆ ಒಲೇನೂ ಆರ್ಲಿ! ಆಗ ಗೊತ್ತಾಗುತ್ತೆ ಅವರಿಗೆ!" ಮೀಸೆಯಣ್ಣ ಅಷ್ಟನ್ನೇ ಮತ್ತೊಮ್ಮೆ ಹಾಕಿ, ಫೋನು ಜೇಬಿಗಿಟ್ಟು, "ಓಹೋ, ಭಾಷಣದ ಸಾಹೇಬ್ರು ನೀವೇನಾ?" ಎಂದ. ಆ ನೀವು ಅವತ್ತೊಂದೇ ದಿನ. ಅವನು ಬಾಯಲ್ಲಿದ್ದ ತುತ್ತನ್ನು ಎಷ್ಟು ಹೊತ್ತು ಅಗಿದನೆಂದರೆ ಅದು ಯಾವಾಗ ಇಳಿಯಿತೋ ತಿಳಿಯಲಿಲ್ಲ. ಅಲ್ಲ, ಅದು ನಾನಲ್ಲ ಎಂದುಬಿಡಬಹುದಿತ್ತು, ಒಂದು ರೀತಿಯಲ್ಲಿ ನಿಜವೂ ಆಗುತ್ತಿತ್ತು. ಅವತ್ತು ಮಾತಾಡಬೇಕಿದ್ದ ಮುಖಂಡನ ಗಂಟಲು ಕೂತಿತ್ತು. ಇವನಿಗೆ ದನಿ ದೊಡ್ಡದು ಎಂದು ಯಾರೋ ಹಿಂದಿನಿಂದ ತಳ್ಳಿ ಡ್ರಮ್ಮು ಹತ್ತಿಸಿದ್ದರು. ಮಿಲ್ಲಿನಲ್ಲಿ ಅವನು ವೈರು, ಫ್ಯೂಸು, ಮೋಟರು ಎಂದು ತನ್ನ ಪಾಡಿಗಿದ್ದ ಎಲೆಕ್ಟ್ರಿಷಿಯನ್. ಹತ್ತಿದ ಮೇಲೆ ಕೆಳಗಿನ ಮುಖಗಳೆಲ್ಲ ಮೇಲೆ ನೋಡುತ್ತಿದ್ದವು, ಬಾಯಿ ತೆರೆದರೆ ಮಾತು ತಾನಾಗಿ ಬಂತು. ಆಮೇಲೆ ಒಬ್ಬನೇ ಇದ್ದಾಗ ಎಷ್ಟು ಸಲ ಆ ವೀಡಿಯೋ ನೋಡಿದ್ದಾನೋ. ನೋಡಿದಾಗಲೆಲ್ಲ ಡ್ರಮ್ಮಿನ ಮೇಲಿನವನ ಬಗ್ಗೆ ಅವನಿಗೆ ಅಸೂಯೆಯಾಗುತ್ತಿತ್ತು. ಆ ಮನುಷ್ಯನಿಗೆ ಸಂದೇಹವೇ ಇರಲಿಲ್ಲ. ಅವನನ್ನು ತನ್ನವನೆಂದು ಒಪ್ಪಿಕೊಳ್ಳಲು ಧೈರ್ಯ ಸಾಲದು, ಅಲ್ಲವೆಂದು ದೂಡಲು ಮಾನ ಬಿಡದು. ಹೀಗೆ ಅರ್ಧಂಬರ್ಧ ನಂಬಿದ್ದಕ್ಕೆ ಪೂರ್ತಿ ದ್ವೇಷವನ್ನು ಹೊರಬೇಕಾಯಿತಲ್ಲ ಎಂದು ವ್ಯಾನಿನಲ್ಲಿ ಕೂತಾಗಲೆಲ್ಲ ಅವನಿಗೆ ಅನ್ನಿಸುತ್ತಿತ್ತು.

ಇವತ್ತೂ ವ್ಯಾನಿನ ರೇಡಿಯೋದಲ್ಲಿ ವಾರ್ತೆ ಬಂತು. ಮೀಸೆಯಣ್ಣನ ಪಕ್ಷದ ನಾಯಕನ ದನಿ ಬಂದ ಕೂಡಲೇ ಗುಂಡಿ ತಿರುಗಿ ಶಬ್ದ ಜೋರಾಯಿತು. ಇನ್ನೊಂದು ಕಡೆಯವರ ದನಿ ಬಂದಾಗ, "ಶುರುಹಚ್ಕೊಂಡ್ರು ಇವರ ಕಡೆಯೋರು" ಎಂದು ಮೀಸೆಯಣ್ಣ ರೇಡಿಯೋಗೇ ಹೇಳಿದ. ಅವನು ರಸ್ತೆಬದಿಯ ಅಂಗಡಿಗಳ ಬೋರ್ಡು ಓದುತ್ತ ಕೂತ. ಚಪ್ಪಲಿ, ಕನ್ನಡಕ, ಬೀಗದ ಕೈ ಮಾಡಿಕೊಡಲಾಗುವುದು. ತಲೆ ಅಲ್ಲಾಡಿಸಿದರೆ ಒಪ್ಪಿದ ಹಾಗೆ, ಅಲ್ಲಾಡಿಸದಿದ್ದರೆ ಜಗಳಕ್ಕೆ ನಿಂತ ಹಾಗೆ. ವ್ಯಾನು ಹಳ್ಳಕ್ಕೆ ಬಿದ್ದು ಎದ್ದಾಗ ತಲೆ ತಾನಾಗಿ ಅಲ್ಲಾಡಿತು, ಮೀಸೆಯಣ್ಣ ಅದನ್ನು ಓರೆಗಣ್ಣಿನಲ್ಲಿ ನೋಡಿದ.

ಕಟ್ಟಡ ಹಳೆಯದು, ಆರು ಮಹಡಿ. ಮೆಟ್ಟಿಲ ಬುಡದಲ್ಲಿ ಮೂರನೆಯ ಮಹಡಿಯ ಟೀಚರಮ್ಮ ಕೈಚೀಲಗಳನ್ನು ಎರಡೂ ಬದಿಗೆ ಇಟ್ಟುಕೊಂಡು ಕೂತಿದ್ದರು. ಶಾಲೆಯಿಂದ ನಿವೃತ್ತರಾಗಿ ಬಹಳ ಕಾಲವಾದರೂ ದನಿ ಇನ್ನೂ ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿ. "ಇವತ್ತಾದ್ರೂ ಸರಿಮಾಡ್ತೀರೋ, ಇಲ್ಲ ನಾನು ಇಲ್ಲೇ ಸಂಸಾರ ಹೂಡ್ಲೋ?" ಎಂದರು. ಮೀಸೆಯಣ್ಣ ಅವರ ಚೀಲಗಳನ್ನು ತಾನೇ ಎತ್ತಿಕೊಂಡು ಮೂರು ಮಹಡಿ ಹತ್ತಿ ಇಟ್ಟು ಬಂದ. ಬೇರೆ ಎಲ್ಲರ ಜೊತೆಗೂ ಹೀಗೆಯೇ ಇರುತ್ತಾನಲ್ಲ ಎಂದುಕೊಂಡ ಅವನು. ದುಷ್ಟನಾಗಿದ್ದರೆ ಎಷ್ಟು ಸುಲಭವಿತ್ತು. ಆರನೆಯ ಮಹಡಿಯಲ್ಲಿ ಬಾಗಿಲು ಸರಿಸಿ, ಪೆಟ್ಟಿಗೆಯ ಮೇಲೆ ಕಾಲಿಡುವ ಮುಂಚೆ ಮೀಸೆಯಣ್ಣ ತಿರುಗಿ ಅವನನ್ನು ನೋಡಿದ. ತಲೆಯಿಂದ ಕಾಲಿನವರೆಗೆ, ಸಂತೆಯಲ್ಲಿ ದನ ನೋಡಿದ ಹಾಗೆ ನೋಡಿದ ಎಂದು ಅವನಿಗನ್ನಿಸಿತು.

"ಕೂಗಿದ ತಕ್ಷಣ ಓ ಅನ್ಬೇಕು."

"ಗೊತ್ತು."

"ಗೊತ್ತಿರೋದು ಬೇರೆ" ಎಂದು ಟಾರ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಷಿನ್ ರೂಮಿನ ಕೀಲಿಕೈಯನ್ನು ನೆಲದ ಮೇಲೆ ಇಟ್ಟ. ಯಾವತ್ತೂ ಹಾಗೆಯೇ. ಸ್ಪ್ಯಾನರಾಗಲಿ, ಬಟ್ಟೆ ಚೂರಾಗಲಿ, ಕೈಗೆ ಕೊಡುತ್ತಿರಲಿಲ್ಲ. ನೆಲಕ್ಕಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವನು ಬಗ್ಗಿ ಎತ್ತಿಕೊಂಡ.

ಮೆಷಿನ್ ರೂಮಿನಲ್ಲಿ ಕಾದ ಎಣ್ಣೆಯ ವಾಸನೆ. ಗೋಡೆಗೆ ಬಡಿದ ಫ್ಯಾನು ಒಂದು ರೆಕ್ಕೆ ಸೊಟ್ಟಗಾಗಿ ಕಟಕಟ ಎನ್ನುತ್ತಿತ್ತು. ಚಕ್ರದ ಮೇಲಿಂದ ಹಗ್ಗಗಳು ನೆಲದ ತೂತುಗಳೊಳಗೆ ಇಳಿದಿದ್ದವು, ತೂತಿನಲ್ಲಿ ಮೀಸೆಯಣ್ಣನ ಟಾರ್ಚಿನ ಬೆಳಕು ಆಗಾಗ ಮಿನುಗುತ್ತಿತ್ತು. "ಇಳಿಸು." "ಓ." ಸ್ವಿಚ್ಚು ತಿರುಗಿಸಿದರೆ ಚಕ್ರ ನಿಧಾನಕ್ಕೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಷ್ಟೇ. ಇಷ್ಟು ದಿನ ಇಷ್ಟು ಸಣ್ಣ ಗುಂಡಿಯ ಕೆಳಗೆ ತಾನು ಉಸಿರು ಹಿಡಿದು ನಿಂತಿದ್ದೆನೇ ಎಂದು ಆಶ್ಚರ್ಯವಾಯಿತು. ಆರು ಮುಗಿಯಿತು, ಐದು ಮುಗಿಯಿತು. ನಾಲ್ಕನೆಯ ಮಹಡಿಯಲ್ಲಿ ಬಾಗಿಲು ಸರಿಸಿದ ಸದ್ದು, ಕಟ್ಟಡದ ಕಾವಲುಗಾರನ ದನಿ. ಬಾವಿಯಲ್ಲಿ ಮಾತು ಹೇಗೆ ಏರಿ ಬರುತ್ತದೆಂದರೆ ಪಕ್ಕದಲ್ಲೇ ನಿಂತು ಆಡಿದ ಹಾಗೆ. "ಮೇಲೆ ಯಾರಣ್ಣ, ಹೊಸಬರಾ?" ಎಂದು ಕಾವಲುಗಾರ ಕೇಳಿದ. "ಲೀಡರ್ರು" ಎಂದ ಮೀಸೆಯಣ್ಣ. "ಮಿಲ್ಲು ಮುಚ್ಚಿಸಿ ಬಂದಿದಾನೆ. ಇನ್ನು ನಮ್ಮ ಲಿಫ್ಟೂ ಮುಚ್ಚಿಸ್ತಾನೆ ನೋಡ್ತಿರು." ಕಾವಲುಗಾರ ನಕ್ಕ. ಅದು ದೊಡ್ಡ ನಗುವೇನಲ್ಲ, ಹಿರಿಯರೊಬ್ಬರು ತಮಾಷೆ ಮಾಡಿದಾಗ ಮರ್ಯಾದೆಗೆ ನಗುವ ನಗು. ಆದರೆ ಅವನ ಕಣ್ಣ ಮುಂದೆ ಮಿಲ್ಲಿನ ಕೊನೆಯ ದಿನ ಬಂದು ನಿಂತಿತು. ಮುಖ್ಯ ಸ್ವಿಚ್ಚನ್ನು ಆರಿಸಲು ಹೇಳಿದ್ದು ಅವನಿಗೇ. ಅದನ್ನು ಎಳೆದಾಗ ಮಗ್ಗಗಳ ಸದ್ದು ಒಂದೇ ಸಲ ನಿಲ್ಲದೆ, ಸಾಲುಸಾಲಾಗಿ, ಹಿಂದಿನಿಂದ ಮುಂದಕ್ಕೆ ನಿಂತುಕೊಂಡು ಬಂತು. ಕೊನೆಗೆ ಯಾರೋ ಕೆಮ್ಮಿದ್ದು ಆ ತುದಿಯಿಂದ ಈ ತುದಿಗೆ ಕೇಳಿಸಿತು. ಮುಚ್ಚಿಸಿ ಬಂದವನು.

"ಇಳಿಸು." ಓ ಎಂದು ಇಳಿಸಿದ. "ನಿಲ್ಸು." ನಿಲ್ಲಿಸಿದ. ಪೆಟ್ಟಿಗೆ ನಾಲ್ಕಕ್ಕೂ ಮೂರಕ್ಕೂ ನಡುವೆ ಇತ್ತು, ಮುಂದೆ ಪೂರಾ ಗೋಡೆ. ಲಾಕಿನ ತಂತಿ ನೋಡಲು ಅಲ್ಲಿ ನಿಲ್ಲಲೇಬೇಕು. ಕೆಳಗೆ ಏನೋ ಬಿಗಿಯುವ ಕಿರಿಕಿರಿ ಸದ್ದು. ಆಮೇಲೆ, "ಏ ಭಾಷಣ, ಮೇಲಕ್ಕೆ ತಗೋ."

ಅವನು ಓ ಎನ್ನಲಿಲ್ಲ.

ಎನ್ನಬಾರದು ಎಂದು ಅಂದುಕೊಂಡದ್ದೂ ಇಲ್ಲ. ಬಾಯಿ ತೆರೆಯಿತು, ಓ ಹೊರಡುವ ಜಾಗದಲ್ಲಿ ಏನೂ ಹೊರಡಲಿಲ್ಲ. "ಏ ಭಾಷಣ!" ಹೆಸರು ಬಾವಿಯಲ್ಲಿ ಎರಡು ಸಲ ಬಡಿದು ಮೇಲೆ ಬಂತು. ಕೂಗಲಿ. ಇನ್ನೊಂದು ಸಲ ಕೂಗಲಿ. ಎದೆಯಲ್ಲಿ ಬೆಚ್ಚಗಿನ, ಜಿಗುಟಾದ ಒಂದು ಸುಖ ಹರಡಿತು. ಎಷ್ಟೋ ವರ್ಷಗಳಿಂದ ಕಾಣದಿದ್ದ ಸುಖ, ಆದರೆ ಗುರುತಿನದು. ಚಿಕ್ಕವನಿದ್ದಾಗ ಮಂಚದ ಕೆಳಗೆ ಅಡಗಿ ಅಮ್ಮ ಕೂಗುವುದನ್ನು ಕೇಳುತ್ತ ಮಲಗಿದ್ದ. ಅಮ್ಮನ ಪಾದಗಳು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದವು. ಮೊದಲು ಸಿಟ್ಟಿನಲ್ಲಿ ಕರೆದಳು, ಆಮೇಲೆ ಮುದ್ದಿನಲ್ಲಿ ಕರೆದಳು, ಆಮೇಲೆ ಬಾಗಿಲು ತೆಗೆದು ಬೀದಿಯಲ್ಲಿ ನಿಂತು ಕರೆದಳು, ಆಗ ಅವಳ ದನಿ ಬೇರೆ ಯಾರದೋ ಆಗಿತ್ತು. ಆ ಹೊತ್ತಿಗೆ ಹೊರಗೆ ಬರಬೇಕೆಂದು ಅವನಿಗೂ ಅನ್ನಿಸಿತ್ತು, ಆದರೆ ಆಗ ಬಂದರೆ ಮೊದಲೇ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಇರಲಿಲ್ಲ; ಓಗೊಡದ ಒಂದೊಂದು ಕರೆಯೂ ಮುಂದಿನದನ್ನು ಇನ್ನಷ್ಟು ಭಾರ ಮಾಡುತ್ತ ಹೋಯಿತು. "ಏ ಹೊಸಬಾ!" ಎಂದು ಬಂತು ಕೆಳಗಿನಿಂದ. ಭಾಷಣ ಹೋಯಿತಲ್ಲ, ಎಂದುಕೊಂಡ. ಫ್ಯಾನು ಕಟಕಟ ಎನ್ನುತ್ತಿತ್ತು. ಫ್ಯಾನಿನ ಗಲಾಟೆಯಲ್ಲಿ ಕೇಳಿಸಲಿಲ್ಲ ಎನ್ನಬಹುದು, ಎಂದು ಹೊಳೆಯಿತು. ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಬೆರಳುಗಳು ತನ್ನವಲ್ಲದ ಹಾಗೆ ಬಿಳಿಚಿಕೊಂಡಿದ್ದವು. ಕೆಳಗೆ ಟಾರ್ಚು ಅತ್ತಿತ್ತ ಓಡಾಡಿತು, ತಗಡಿನ ಮೇಲೆ ಕಾಲು ಬದಲಿಸಿದ ಸದ್ದು. ಆಮೇಲೆ ಮೀಸೆಯಣ್ಣ ಯಾರನ್ನೂ ಕುರಿತಲ್ಲದ ಹಾಗೆ ಕೇಳಿದ: "ಇದೀಯೇನಪ್ಪಾ ಮೇಲೆ?"

ಆ ಅಪ್ಪಾ ಎಂಬುದು ನಡುಗಿತು. ನಡುಕ ಎಷ್ಟು ಸಣ್ಣದೆಂದರೆ ಬಾವಿಯಲ್ಲದೆ ಬೇರೆಲ್ಲಾದರೂ ಕೇಳಿಸುತ್ತಲೇ ಇರಲಿಲ್ಲ. ಇವನಿಗೆ ಭಯ. ಇವನಿಗೆ ನನ್ನ ಭಯ. ಬೆಳಿಗ್ಗೆ ವ್ಯಾನು ಹೊರಡದೆ ನಿಂತದ್ದು, ಪೆಟ್ಟಿಗೆಗೆ ಕಾಲಿಡುವ ಮುಂಚೆ ತಿರುಗಿ ನೋಡಿದ್ದು, ಇಷ್ಟು ದಿನ ಒಮ್ಮೆಯೂ ಮೆಷಿನ್ ರೂಮನ್ನು ಬಿಟ್ಟುಕೊಡದೆ ಇದ್ದದ್ದು. ತಾನು ಕತ್ತಲೆಯಲ್ಲಿ ಕಿವಿಯಿಟ್ಟು ನಿಂತಿದ್ದಾಗ ಇವನೂ ಮೇಲೆ ಕಿವಿಯಿಟ್ಟೇ ನಿಂತಿದ್ದ. "ಓ!" ಎಂದು ಕೂಗಿದ, ದನಿ ಅಗತ್ಯಕ್ಕಿಂತ ದೊಡ್ಡದಾಗಿ ಹೊರಟಿತು. "ಓ, ಇದೀನಿ! ತಗೋತೀನಿ!" ಪೆಟ್ಟಿಗೆಯನ್ನು ನಾಲ್ಕನೆಯ ಮಹಡಿಗೆ ತಂದು ನಿಲ್ಲಿಸಿದ. ಬಾಗಿಲು ಸರಿದ ಸದ್ದು, ಬಾಗಿಲು ಮುಚ್ಚಿದ ಸದ್ದು, ಆಮೇಲೆ ಮೆಟ್ಟಿಲುಗಳ ಮೇಲೆ ನಿಧಾನವಾದ ಹೆಜ್ಜೆ.

ಮೀಸೆಯಣ್ಣ ಬಾಗಿಲಲ್ಲಿ ನಿಂತ. ಮುಖದ ಮೇಲೆ ಧೂಳು ಬೆವರಿನಲ್ಲಿ ಗೆರೆಗೆರೆಯಾಗಿತ್ತು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಆದರೆ ಮೀಸೆಯಣ್ಣ ಮೆಲ್ಲಗೆ, ಇಲ್ಲವೆಂದೇ ಹೇಳಲಿ ಎಂದು ಬೇಡಿಕೊಳ್ಳುವವನ ಹಾಗೆ ಕೇಳಿದ. "ಕೇಳಿಸ್ಲಿಲ್ವಾ?"

ಅವನು ಫ್ಯಾನಿನ ಕಡೆ ನೋಡಿದ. ಮೀಸೆಯಣ್ಣನೂ ಫ್ಯಾನಿನ ಕಡೆ ನೋಡಿದ. ಉತ್ತರ ಅಲ್ಲೇ ತಿರುಗುತ್ತಿತ್ತು. ಕೆಲಸ, ಮನೆ ಬಾಡಿಗೆ, ಮಗಳ ಶಾಲೆ ಎಲ್ಲವೂ ಅದರ ಸೊಟ್ಟ ರೆಕ್ಕೆಗೆ ನೇತುಬಿದ್ದಿದ್ದವು.

"ಕೇಳಿಸ್ತು" ಎಂದ.

"ಏನು?"

"ಕೇಳಿಸ್ತು. ಎಲ್ಲ ಸಲಾನೂ ಕೇಳಿಸ್ತು. ನಾನೇ ಓ ಅನ್ಲಿಲ್ಲ."

ಮೀಸೆಯಣ್ಣನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಕೈಯಲ್ಲಿದ್ದ ಟಾರ್ಚನ್ನು ಮೂಲೆಗೆ ಎಸೆದ. "ಬೇಕಂತಾನಾ? ಗೋಡೆ ಮುಂದೆ, ಕತ್ತಲಲ್ಲಿ, ಬೇಕಂತ ನಿಲ್ಲಿಸಿದ್ಯಾ? ಮನುಷ್ಯನೇನೋ ನೀನು? ನೀನು ಬಂದ ದಿನಾನೇ ಮೇಡಂ ಹತ್ರ ಬಡ್ಕೊಂಡೆ, ಇವನ ಜೊತೆ ನನ್ನ ಹಾಕ್ಬೇಡಿ, ಇವನ ಕೈಗೆ ನನ್ನ ಜೀವ ಕೊಡಲ್ಲ ಅಂತ!"

"ನಿಮ್ಮ ಜೀವ! ನನ್ನ ಜೀವ ದಿನಾ ನಿಮ್ಮ ಕೈಲಿತ್ತು!"

"ಇತ್ತು. ಒಂದಿನ ಕೈ ಬಿಟ್ಟಿದೀನಾ? ಕೂಗದೆ ಒಂದು ಸಲ ಅಲ್ಲಾಡ್ಸಿದೀನಾ? ಹೇಳು ನೋಡೋಣ!"

ಬಿಟ್ಟಿರಲಿಲ್ಲ. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಸಿಟ್ಟು ನೆತ್ತಿಗೇರಿತು. "ಕೈ ಬಿಟ್ಟಿಲ್ಲ. ಕೈಗೆ ಒಂದು ಸ್ಪ್ಯಾನರೂ ಕೊಟ್ಟಿಲ್ಲ! ನೆಲಕ್ಕಿಡ್ತೀರಿ, ನಾಯಿಗೆ ಇಟ್ಟ ಹಾಗೆ. ಇವತ್ತು ಮಿಲ್ಲು ಮುಚ್ಚಿಸ್ದೋನು ಅಂತ ಬೇರೆ ಅಂದ್ರಿ. ನಾನಾ ಮುಚ್ಚಿಸಿದ್ದು? ಮುಚ್ಚಿದ್ದು ನಿಮ್ಮೋರು. ನೀವು ವೋಟು ಹಾಕಿದ್ರಲ್ಲ, ಅವರು. ನೀನು ಹಾಕಿದ್ಯಲ್ಲ, ಅವರು!"

ನೀನು ಎಂದದ್ದು ಇಬ್ಬರಿಗೂ ಕೇಳಿಸಿತು. ಅದಾದ ಮೇಲೆ ತಡೆಯೇ ಇರಲಿಲ್ಲ. ನಿಮ್ಮೋರು ಇದ್ದಾಗ ಏನು ಕಿತ್ತು ಗುಡ್ಡೆ ಹಾಕಿದ್ರು ಎಂದು ಮೀಸೆಯಣ್ಣ ಕೇಳಿದ. ನಿಮ್ಮೋರು ಹಾಕಿದ ಗುಡ್ಡೆ ವಾಸನೆ ಹೊಡೀತಿದೆ ಎಂದು ಅವನು ಹೇಳಿದ. ಆಸ್ಪತ್ರೆ ಬಂತು, ರಸ್ತೆ ಬಂತು, ಯಾವನೋ ಮಂತ್ರಿಯ ಅಳಿಯ ಬಂದ, ಹಳೆಯ ಗಲಾಟೆಯೊಂದು ಬಂತು. ಟೀವಿಯಲ್ಲಿ ದಿನಾ ಕೇಳಿದ ಮಾತುಗಳೇ, ಆದರೆ ಸುಟ್ಟ ಎಣ್ಣೆಯ ವಾಸನೆಯ ಆ ಕೋಣೆಯಲ್ಲಿ ಒಬ್ಬನ ಉಗುಳು ಇನ್ನೊಬ್ಬನ ಮುಖಕ್ಕೆ ಸಿಡಿಯುವಷ್ಟು ಹತ್ತಿರದಲ್ಲಿ ಆಡಿದಾಗ ಅವು ಬೇರೆಯೇ ಆಗಿದ್ದವು. ಕೂಗಾಡುತ್ತಲೇ ಅವನೊಳಗೆ ಇನ್ನೊಬ್ಬ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತಿದ್ದ: ಇದನ್ನು ನಾನು ನಂಬುತ್ತೇನೆ, ಇದು ಬರೀ ಬಾಯಿಮಾತು, ಇದರಲ್ಲಿ ಅವನು ಹೇಳಿದ್ದೇ ಸರಿ, ಆದರೆ ಈಗ ಒಪ್ಪಿಕೊಳ್ಳುವುದಿಲ್ಲ, ಮಿಲ್ಲಿನ ವಿಷಯದಲ್ಲಿ ಮಾತ್ರ ತಲೆ ಹೋದರೂ ನಾನೇ ಸರಿ. ಎಷ್ಟೋ ಕಾಲದಿಂದ ಕಲಸಿಹೋಗಿದ್ದದ್ದು ಬೈಗುಳದ ಜೊತೆಗೆ ತಾನೇ ತಾನಾಗಿ ಬೇರೆ ಬೇರೆಯಾಗಿ ಬಂದು ಬೀಳುತ್ತಿತ್ತು. ಎದೆ ಹಗುರವಾಗುತ್ತಿದೆ ಎಂದು ತಿಳಿದು ಅವನಿಗೇ ಆಶ್ಚರ್ಯವಾಯಿತು.

ಆಗ ಮೀಸೆಯಣ್ಣನ ದನಿ ಕೆಳಗಿಳಿಯಿತು, ಇಳಿದರೂ ಅದರಲ್ಲಿ ಬಲವಿತ್ತು. "ಅವರ ಮನೆ ಒಲೆ ಆರ್ಲಿ ಅಂದ್ಯಲ್ಲ, ಆ ಭಾಷಣದಲ್ಲಿ. ನನಗೆ ಅದನ್ನ ನನ್ನ ತಮ್ಮ ಕಳಿಸ್ದ. ನಾನು ಎಲ್ಲಿದ್ದೆ ಗೊತ್ತಾ? ಆಸ್ಪತ್ರೆ ಬೆಂಚ್ ಮೇಲೆ. ನನ್ನ ಹೆಂಡ್ತಿ ಒಳಗಿದ್ಲು, ಏನೂ ಹೇಳಕ್ಕಾಗಲ್ಲ ಅಂದಿದ್ರು ಡಾಕ್ಟ್ರು. ಮನೇಲಿ ಒಲೆ ಹಚ್ಚೋರೇ ಇರ್ಲಿಲ್ಲ. ನೀನು ಫೋನಲ್ಲಿ ಬಂದು, ಕೈ ಎತ್ಕೊಂಡು, ನನಗೇ ಶಾಪ ಹಾಕ್ದೆ. ನನ್ನ ಮುಖ ನೋಡ್ಕೊಂಡೇ ಹಾಕ್ದೆ."

ಅವನಿಗೆ ಡ್ರಮ್ಮಿನ ಮೇಲಿಂದ ಕೆಳಗಿನ ಮುಖಗಳು ಮಾತ್ರ ಕಂಡಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಒಬ್ಬ ಅಲ್ಲಿ ಕಂಡಿರಲಿಲ್ಲ, ಕಾಣುವುದಾದರೂ ಹೇಗಿತ್ತು? ಅಷ್ಟರಲ್ಲಿ ಅವರಿಬ್ಬರ ಕಾಲುಗಳ ನಡುವಿನಿಂದ, ಹಗ್ಗದ ತೂತಿನಿಂದ, ಕೊನೆಯ ಬೆಂಚಿಗೆ ಮುಟ್ಟುವ ಒಂದು ದನಿ ಎದ್ದು ಬಂತು.

"ಈಗ ಹೇಗಿದಾರಪ್ಪಾ?"

ಇಬ್ಬರೂ ನೆಲ ನೋಡಿದರು. ಮೀಸೆಯಣ್ಣ ಬಗ್ಗಿ ತೂತಿಗೆ ಬಾಯಿಟ್ಟ. "ಯಾರಮ್ಮಾ?"

"ನಿಮ್ಮ ಮನೆಯವರು! ಆಸ್ಪತ್ರೇಲಿದ್ರು ಅಂದ್ರಲ್ಲ!"

"ಹುಷಾರಾಗಿದಾರಮ್ಮಾ! ಈಗ ಹುಷಾರಾಗಿದಾರೆ!"

"ಸಂತೋಷ! ಆ ಇನ್ನೊಬ್ಬರು ಕ್ಷಮಾಪಣೆ ಕೇಳಿದ್ರಾ?"

ಅವನು ಉತ್ತರ ಕೊಡುವ ಮುಂಚೆ ಯಾವುದೋ ಮಹಡಿಯಿಂದ ಗಂಡಸಿನ ದನಿಯೊಂದು, "ಮಿಲ್ಲಿನ ವಿಷಯದಲ್ಲಿ ಆ ಇನ್ನೊಬ್ಬರು ಹೇಳಿದ್ದೇ ಸರೀರೀ!" ಎಂದಿತು. "ಏನ್ ಸರಿ? ನಿಮಗೇನ್ ಗೊತ್ತು ಮಿಲ್ಲಿನ ವಿಷಯ?" ಎಂದು ಇನ್ನೊಂದು ಮಹಡಿ ಕೇಳಿತು. ಒಂದು ಹೆಂಗಸಿನ ದನಿ ಮಂತ್ರಿಯ ಅಳಿಯನ ಬಗ್ಗೆ ತನಗೆ ಗೊತ್ತಿದ್ದದ್ದನ್ನು ಸೇರಿಸಿತು. ಇಡೀ ಕಟ್ಟಡ ಬಾವಿಯ ಬಾಗಿಲುಗಳಿಗೆ ಕಿವಿ ಹಚ್ಚಿಕೊಂಡು ನಿಂತಿತ್ತು. ಅವರು ಆಡಿದ್ದೆಲ್ಲ ಮೇಲಿನಿಂದ ಕೆಳಗಿನವರೆಗೆ ಮನೆಮನೆಗೂ ಹಂಚಿಹೋಗಿತ್ತು. ಮೀಸೆಯಣ್ಣ ಬಗ್ಗಿದವನು ಹಾಗೆಯೇ ನೆಲದ ಮೇಲೆ ಕೂತುಬಿಟ್ಟ. ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆಂದು ಅವನು ಹೆದರಿದ. ಮುಖ ಎತ್ತಿದಾಗ ಕಂಡದ್ದು ನಗು, ತಡೆಯಲಾಗದ ನಗು. ಕೈಯಿಂದ ಬಾಯಿ ಮುಚ್ಚಿಕೊಂಡು, ತೂತಿನ ಕಡೆ ಬೆರಳು ತೋರಿಸಿ, ಕೇಳಿಸುತ್ತೆ, ಮೆಲ್ಲಗೆ, ಎಂದು ಸನ್ನೆ ಮಾಡುತ್ತಿದ್ದ. ಅವನೂ ಎದುರು ಗೋಡೆಗೆ ಒರಗಿ ಕೂತ.

"ಒಲೆ ಮಾತು ಆಡಬಾರದಿತ್ತು" ಎಂದ ಪಿಸುದನಿಯಲ್ಲಿ. "ಅದನ್ನ ವಾಪಸ್ ತಗೋತೀನಿ. ಉಳಿದದ್ದು ತಗೊಳ್ಳಲ್ಲ."

"ಉಳಿದದ್ದು ಯಾರು ಕೇಳಿದ್ರು ನಿನ್ನ" ಎಂದ ಮೀಸೆಯಣ್ಣ, ಅಷ್ಟೇ ಮೆಲ್ಲಗೆ. ಕಣ್ಣೊರೆಸಿಕೊಂಡ. ಆಮೇಲೆ ನಗು ಇಳಿದು, ಮುಖ ಮತ್ತೆ ಗಟ್ಟಿಯಾಯಿತು. "ಓ ಅನ್ದೆ ಇದ್ದದ್ದು ತಮಾಷೆ ಅಲ್ಲ."

"ಅಲ್ಲ."

ಇನ್ನೂ ಕೆಳಗಿನ ಮಹಡಿಗಳು ಉಳಿದಿದ್ದವು. ಮೀಸೆಯಣ್ಣ ಮೂಲೆಯಲ್ಲಿ ಬಿದ್ದ ಟಾರ್ಚನ್ನು ಎತ್ತಿ, ಹತ್ತುತ್ತದೆಯೇ ನೋಡಿ, ಬಾಗಿಲಲ್ಲಿ ಸ್ವಲ್ಪ ಹೊತ್ತು ಬೆನ್ನು ಮಾಡಿ ನಿಂತಿದ್ದ. ಒಬ್ಬ ಮನುಷ್ಯನ ಬೆನ್ನನ್ನು ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ಅವನು ಯಾವತ್ತೂ ನೋಡಿರಲಿಲ್ಲ. ಕಾಲರಿನ ಹೊಲಿಗೆ ಬಿಟ್ಟಿತ್ತು. ಬೇಡ, ಕಂಪನಿಗೆ ಫೋನು ಮಾಡೋಣ, ಇನ್ನೊಬ್ಬರು ಬರಲಿ ಎನ್ನಬಹುದಿತ್ತು. ಮೀಸೆಯಣ್ಣ ಏನೂ ಹೇಳದೆ ಮೆಟ್ಟಿಲಿಳಿದು ಹೋಗಿ ಪೆಟ್ಟಿಗೆಯ ಮೇಲೆ ಹತ್ತಿದ. ಆಮೇಲಿನ ಕೆಲಸ ಮುಗಿಯುವವರೆಗೆ ಅವನು ಹಗ್ಗದ ತೂತಿನ ಪಕ್ಕ ಮಂಡಿಯೂರಿಯೇ ಇದ್ದ. ಕೆಳಗೆ ಏನಾದರೂ ಬಿದ್ದರೂ ಓ ಎಂದ, ಮೀಸೆಯಣ್ಣ ಕೆಮ್ಮಿದರೂ ಓ ಎಂದ. "ಇನ್ನೂ ಕೂಗೇ ಇಲ್ವಲ್ಲೋ!" ಎಂದು ಕೆಳಗಿನಿಂದ ರೇಗಿದ ದನಿ ಬಂದಾಗ ಅದಕ್ಕೂ ಓ ಎಂದ.

ಆಫೀಸಿಗೆ ವಾಪಸಾಗುವಾಗ ವ್ಯಾನಿನಲ್ಲಿ ರೇಡಿಯೋ ಹಾಕಲಿಲ್ಲ. ಹಗುರವಾಗಿದ್ದ ಅವನ ಎದೆಯೊಳಗೆ ಈಗ ಮತ್ತೊಂದು ಕಲ್ಲು ಬಂದು ಕೂತಿತ್ತು. ಮೇಡಂಗೆ ಹೇಳಿಯೇ ಹೇಳುತ್ತಾನೆ, ಹೇಳಬೇಕಾದ್ದೇ. ಓಗೊಡದೆ ಇದ್ದವನನ್ನು ಯಾವ ಕಂಪನಿಯೂ ಇಟ್ಟುಕೊಳ್ಳುವುದಿಲ್ಲ. ಹೆಂಡತಿಗೆ ಯಾವ ಮಾತಿನಿಂದ ಶುರುಮಾಡುವುದು ಎಂದು ಒಂದೊಂದೇ ವಾಕ್ಯ ಜೋಡಿಸಿ ನೋಡಿದ, ಯಾವುದೂ ನಿಲ್ಲಲಿಲ್ಲ. ಆಫೀಸಿನಲ್ಲಿ ಮೇಡಂ ಮೇಜಿನ ಹಿಂದೆ ಕೂತು ಇಬ್ಬರನ್ನೂ ನಿಲ್ಲಿಸಿಕೊಂಡರು. "ಏನ್ರೀ ಇದು? ಲಿಫ್ಟು ಸರಿಮಾಡ್ಕೊಂಡು ಬನ್ನಿ ಅಂದ್ರೆ ಅಲ್ಲಿ ಬಹಿರಂಗ ಸಭೆ ಮಾಡಿದೀರಂತೆ? ಮೂರು ಜನ ಫೋನ್ ಮಾಡಿದ್ರು."

"ಮಾಡಿದ್ವಿ ಮೇಡಂ" ಎಂದ ಮೀಸೆಯಣ್ಣ. "ಲಿಫ್ಟೂ ಮಾಡಿದ್ವಿ."

"ಒಬ್ಬರು ದೂರು ಕೊಟ್ರು, ಇಬ್ಬರು ಮುಂದಿನ ಸಲ ಯಾವಾಗ ಬರ್ತಾರೆ ಅಂತ ಕೇಳಿದ್ರು." ಅವರು ನಗಲಿಲ್ಲ, ಆದರೆ ಪೆನ್ನಿನ ತುದಿ ಕಚ್ಚಿ ಹಿಡಿದಿದ್ದರು. "ಕೆಲಸದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

ಅವನು ಬಾಯಿ ತೆರೆದ. ಮೀಸೆಯಣ್ಣ ಅವನ ಕಡೆ ನೋಡದೆಯೇ, "ಏನಿಲ್ಲ" ಎಂದ.

"ಹಾಗಾದ್ರೆ ನಾಳೆಯಿಂದ ಜೋಡಿ ಬದಲಾಯಿಸ್ತೀನಿ. ನೀವೇ ಕೇಳ್ತಿದ್ರಲ್ಲ."

"ಬೇಡ, ಇರ್ಲಿ ಬಿಡಿ" ಎಂದ ಮೀಸೆಯಣ್ಣ.

ಹೊರಗೆ, ವ್ಯಾನುಗಳು ಸಾಲಾಗಿ ನಿಂತ ಅಂಗಳದಲ್ಲಿ, ಅವನು ಹಿಂದೆಯೇ ಓಡಿಹೋದ. ಏನೆಂದು ಕರೆಯಬೇಕೆಂದು ಯೋಚಿಸಲು ಹೊತ್ತಿರಲಿಲ್ಲ. "ಅಣ್ಣಾ, ಯಾಕೆ ಹೇಳ್ಲಿಲ್ಲ?"

ಮೀಸೆಯಣ್ಣ ನಡೆಯುವುದನ್ನು ನಿಲ್ಲಿಸಲಿಲ್ಲ. "ಉಪಕಾರ ಅಂದ್ಕೋಬೇಡ. ಹೇಳಿದ್ರೆ ನಿನ್ನ ಕಳಿಸ್ತಾರೆ. ನಾಳೆ ಇನ್ನೊಬ್ಬ ಬರ್ತಾನೆ. ಅವನೂ ಒಂದಿನ ಓ ಅನ್ನಲ್ಲ ಅಂದ್ಕೋ. ಕೇಳಿದ್ರೆ ಫ್ಯಾನು ಅಂತಾನೆ." ಚೀಲವನ್ನು ಹೆಗಲಿಗೇರಿಸಿಕೊಂಡ. "ನೀನು ಕೇಳಿಸ್ತು ಅಂದ್ಯಲ್ಲ. ಸಾಕು. ನಿಮ್ಮೋರು ಮಾತ್ರ ಮುಂದಿನ ಸಲಾನೂ ಸೋಲ್ತಾರೆ, ಬರೆದಿಟ್ಕೋ."

"ನೋಡೋಣ" ಎಂದ ಅವನು.

"ನೋಡೋಣ" ಎಂದ ಮೀಸೆಯಣ್ಣ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂತದ್ದಷ್ಟೇ ನೆನಪು. ಕಂಡಕ್ಟರು ಭುಜ ತಟ್ಟಿ, ಕೊನೇ ಸ್ಟಾಪು ಎಂದಾಗ ಬಾಯಿಯ ಅಂಚು ಒದ್ದೆಯಾಗಿತ್ತು, ಬಸ್ಸು ಖಾಲಿಯಾಗಿತ್ತು. ಇಳಿದು ನೋಡಿದರೆ ಯಾವತ್ತೂ ಕಾಣದ ಬೀದಿ. ಸಂಜೆಯ ಬಿಸಿಲು ಮನೆಗಳ ಮೇಲಿನ ಅರ್ಧಕ್ಕೆ ಮಾತ್ರ ಉಳಿದಿತ್ತು. ಎಲ್ಲೋ ಮೊಳೆ ಹೊಡೆಯುತ್ತಿದ್ದರು, ಒಂದು ಕಿಟಕಿಯಿಂದ ಮಗುವೊಂದು ಮಗ್ಗಿಯನ್ನು ತಪ್ಪು ಹೇಳುತ್ತಿತ್ತು, ಯಾರೋ ಸರಿ ಹೇಳಿಕೊಡುತ್ತಿದ್ದರು, ಮತ್ತೆ ಅದೇ ಜಾಗದಲ್ಲಿ ಅದೇ ತಪ್ಪು. ಅವನು ನಿಂತು ಕೇಳಿದ. ಸದ್ದುಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಕಿವಿಯಿಂದ ಏನನ್ನೋ ತೆಗೆದುಹಾಕಿದ ಹಾಗಿತ್ತು. ಜೇಬಿನಲ್ಲಿ ಫೋನು ಅದುರಿತು.

"ಎಲ್ಲಿದೀರಿ ನೀವು? ಎಷ್ಟು ಹೊತ್ತಾಯ್ತು!" ಎಂದಳು ಹೆಂಡತಿ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಬಸ್ಸಲ್ಲಿ ನಿದ್ದೆ ಹೋಗ್ಬಿಟ್ಟೆ. ನಮ್ಮ ಸ್ಟಾಪು ದಾಟಿ ಎಲ್ಲಿಗೋ ಬಂದಿದೀನಿ."

ಬೈಯುತ್ತಾಳೆಂದುಕೊಂಡ. "ನಿದ್ದೆ ಬಂತಾ? ನಿಮಗೆ?" ಎಂದಳು. "ಕೂತಲ್ಲೇ?"

"ಕೂತಲ್ಲೇ. ಜೊಲ್ಲು ಬೇರೆ ಸುರಿದಿದೆ."

"ಸದ್ಯ" ಎಂದಳು ಅವಳು. ಇಷ್ಟು ದಿನ ರಾತ್ರಿ ತನಗೆ ನಿದ್ದೆ ಬಾರದಿದ್ದಾಗಲೆಲ್ಲ ಅವಳೂ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳೆಂದು ಅವನಿಗೆ ಆಗ ತಿಳಿಯಿತು. "ಸದ್ಯ. ನಿಧಾನಕ್ಕೆ ಬನ್ನಿ. ಏನೂ ಅರ್ಜೆಂಟಿಲ್ಲ."

ಫೋನು ಜೇಬಿಗಿಟ್ಟುಕೊಂಡು, ದಾರಿ ಕೇಳಲು ಯಾರಾದರೂ ಸಿಗುತ್ತಾರೇನೋ ಎಂದು ನೋಡಿದ. ಮೂಲೆಯಲ್ಲಿ ಒಬ್ಬ ಅಂಗಡಿಯವನು ಬಾಗಿಲಿಗೆ ನೀರು ಚಿಮುಕಿಸುತ್ತಿದ್ದ. ಕೇಳಬಹುದಿತ್ತು. ಇನ್ನೊಂದಿಷ್ಟು ದೂರ ಹೋಗಿ ಕೇಳಿದರಾಯಿತು ಎಂದುಕೊಂಡು, ಅವನು ಬಿಸಿಲಿದ್ದ ಕಡೆಯ ಬೀದಿ ಹಿಡಿದು ನಡೆದ.